ಎರಡು ಮನೆಯ ತೊಗರಿ

ಹೊನ್ನೆಮರದ ಹಾಡಿ, ಎಚ್.ಡಿ. ಕೋಟೆ ತಾಲ್ಲೂಕು
12 ಜೂನ್ 2025

ಸುನಂದಕ್ಕನಿಗೆ ನಿಂಗಿಯ ನಮಸ್ಕಾರ.

ಹುಣಸೂರಿನಲ್ಲಿ ನೀವು ಪಿರಿಯಾಪಟ್ಟಣದ ಬಸ್ಸು ಹತ್ತಿ ಹೋದ ಮೇಲೆ ಬಸ್ ಸ್ಟ್ಯಾಂಡೇ ಖಾಲಿಯಾದಂತೆ ಅನ್ನಿಸಿತು. ತರಬೇತಿಯಷ್ಟು ದಿನವೂ ಒಂದೇ ಚಾಪೆಯಲ್ಲಿ ಮಲಗಿ ನಿಮ್ಮ ಗೊರಕೆ ನನಗೆ ರೂಢಿಯಾಗಿಬಿಟ್ಟಿತ್ತು. ಫೋನ್ ಮಾಡು ಅಂದಿದ್ದಿರಿ. ಕಾಡಂಚಿನ ನಮ್ಮ ಹಾಡಿಯಲ್ಲಿ ಸಿಗ್ನಲ್ ಬೇಕಾದರೆ ಬಂಡೆ ಹತ್ತಬೇಕು, ಬಂಡೆಯ ಮೇಲೆ ಈಗ ಕರಡಿಯೊಂದು ಮರಿ ಹಾಕಿಕೊಂಡು ಕೂತಿದೆ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಹಂಪಾಪುರಕ್ಕೆ ಹೋದಾಗ ಅಂಚೆಗೆ ಹಾಕುತ್ತೇನೆ.

'ಕೃಷಿ ಸಖಿ' ಎಂದು ಕೊರಳಿಗೆ ಹಾಕಿ ಕಳಿಸಿದ ಕಾರ್ಡನ್ನು ಗುಂಡನಿಗೆ ತೋರಿಸಿದೆ. ನನ್ನ ಗಂಡ ಅರಣ್ಯದವರ ಹತ್ತಿರ ಕಾವಲಿನ ದಿನಗೂಲಿ ಮಾಡುತ್ತಾನಲ್ಲ, ಅವನ ಹತ್ತಿರವೂ ಒಂದು ಕಾರ್ಡಿದೆ. "ನಂಗೊಂದು, ನಿಂಗೊಂದು. ಮನೆತುಂಬ ಆಫೀಸರ್ಗಳೇ ಆಗೋದ್ವಲ್ಲ, ಈಗ ಸಾರು ಮಾಡೋರ್ಯಾರು?" ಅಂದ. ಹಾಗಂದರೂ ಕಾರ್ಡನ್ನು ದೇವರ ಗೂಡಿನ ಪಕ್ಕ ಅವನೇ ನೇತುಹಾಕಿದ್ದಾನೆ.

ಇದರ ಜೊತೆ ಬಟ್ಟೆಯ ಗಂಟು ಇದೆ, ಬೂದಿ ಕೊಡವಿ ನೋಡಿ. ಅದು ಅವ್ವನ ತೊಗರಿ. ಕೆನೆ ಬಣ್ಣ, ಕಣ್ಣಿನ ಹತ್ತಿರ ಕಪ್ಪು ಚುಕ್ಕೆ. ಮಳೆ ಕೈಕೊಟ್ಟರೂ ಒಣಗುವುದಿಲ್ಲ, ಗಡಸು ನೀರಿನಲ್ಲೂ ಬೆಣ್ಣೆಯ ಹಾಗೆ ಬೇಯುತ್ತದೆ. ಮೊದಲು ಹಾಡಿಯ ಎಲ್ಲ ಮನೆಯಲ್ಲೂ ಇತ್ತು. ಶುಂಠಿ ಬೆಳೆಯುವವರು ಗುತ್ತಿಗೆಗೆ ಬಂದ ಮೇಲೆ ಒಂದೊಂದೇ ಮನೆಯಿಂದ ಹೋಯಿತು. ಹೋದ ವರ್ಷ ನನ್ನದಕ್ಕೂ ಹುಳು ಬಿದ್ದು ಉಳಿದದ್ದು ಎರಡೇ ಹಿಡಿ. ಒಂದು ಹಿಡಿಯನ್ನು ಅರಣ್ಯ ಹಕ್ಕಿನಲ್ಲಿ ಅವ್ವನಿಗೆ ಸಿಕ್ಕಿದ ಹೊಲದಲ್ಲಿ ಬಿತ್ತುತ್ತೇನೆ. ಇನ್ನೊಂದು ನಿಮಗೆ.

ಬೀಜಕ್ಕೆ ಎರಡು ಮನೆ ಇರಬೇಕು ಎನ್ನುವುದು ನಮ್ಮ ಹಾಡಿಯ ಕಟ್ಟಳೆ. ಒಂದು ಮನೆಗೆ ಬೆಂಕಿಯೋ ಆನೆಯೋ ಬಂದರೆ ಇನ್ನೊಂದು ಮನೆಯಲ್ಲಿ ಉಳಿಯುತ್ತದೆ. ಇನ್ನೊಂದು ಕಟ್ಟಳೆಯೂ ಇದೆ. ಕೊಟ್ಟವರು ಕೊಟ್ಟ ಬೀಜದ ಬಗ್ಗೆ ಕೇಳಬಾರದು. ಹುಟ್ಟಿತಾ, ಹೂಬಿಟ್ಟಿತಾ ಅಂತ ಕೇಳಿದರೆ ಪಡೆದವರ ಮೇಲೆ ನಂಬಿಕೆ ಇಲ್ಲ ಎಂದಂತೆ. ಅವ್ವ ಸಾಯುವ ತನಕ ಯಾರನ್ನೂ ಕೇಳಲಿಲ್ಲ. ನಾನೂ ಕೇಳುವುದಿಲ್ಲ, ನೀವು ತಪ್ಪು ತಿಳಿಯಬೇಡಿ.

ಫೆಬ್ರವರಿಯಲ್ಲಿ ಹಂಪಾಪುರದಲ್ಲಿ ಬೀಜ ಬ್ಯಾಂಕ್ ತೆರೆಯುತ್ತಾರೆ, ಯಾವ ಊರಿನ ಬೀಜವೋ ಆ ಊರಿನ ಹೆಸರಿನಲ್ಲೇ ಇಡುತ್ತಾರೆ ಎಂದು ತರಬೇತಿ ಕೊಟ್ಟ ಅರುಣ ಸಾರ್ ಹೇಳಿದ್ದು ನೆನಪಿದೆಯಲ್ಲ. ಅಲ್ಲಿ ಅವ್ವನ ತೊಗರಿ ಹೊನ್ನೆಮರದ ಹಾಡಿಯ ಹೆಸರಲ್ಲಿ ಕೂರಬೇಕು. ನಮ್ಮ ಹಾಡಿಯ ಹೆಸರು ಸರ್ಕಾರದ ಕಡತದಲ್ಲಿ ಇದುವರೆಗೆ ಬಂದದ್ದು ಜಾಗ ಬಿಡಿ ಎಂದು ಹೇಳುವುದಕ್ಕೆ ಮಾತ್ರ. ಒಂದು ಸಲ ಒಳ್ಳೆಯದಕ್ಕೂ ಬರಲಿ.

ನಿಂಗಿ


ಹಲಸಿನಕೊಪ್ಪಲು, ಪಿರಿಯಾಪಟ್ಟಣ ತಾಲ್ಲೂಕು
20 ಜುಲೈ 2025

ಪ್ರೀತಿಯ ನಿಂಗಿ,

ನನ್ನ ಗೊರಕೆಯ ಸುದ್ದಿಯನ್ನು ಕಾಗದದಲ್ಲಿ ಬರೆದಿದ್ದೀಯಲ್ಲ, ನಮ್ಮನೆಯವರ ಕೈಗೆ ಸಿಕ್ಕಿ ಅವರು ಹಟ್ಟಿಗೆಲ್ಲ ಓದಿ ಹೇಳಿದರು. ಮೂವತ್ತು ವರ್ಷದಿಂದ ಹೇಳುತ್ತಿದ್ದರೂ ಯಾರೂ ನಂಬಿರಲಿಲ್ಲವಂತೆ, ಈಗ ಸಾಕ್ಷಿ ಸಿಕ್ಕಿತಂತೆ.

ಅವರ ಪರಿಚಯ ಮಾಡಿಕೊಡುತ್ತೇನೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆದರೆ ತಪ್ಪಿಲ್ಲ. ಸೋಮಶೇಖರ. ಮೀಸೆ ಮೂಡುವ ಮುಂಚಿನಿಂದ ಹೊಗೆಸೊಪ್ಪು ಬೆಳೆದವರು. ಗದ್ದೆಯಂಚಿನಲ್ಲಿ ಎರಡು ಬ್ಯಾರನ್ ಇವೆ, ಎಲೆ ಬೇಯಿಸಿ ಹದ ಮಾಡುವ ಆ ಗೂಡುಗಳಿಗೆ ಎಷ್ಟು ಸೌದೆ ಹಾಕಿದರೂ ಸಾಲದು. ನಿನ್ನ ಹಾಡಿಯ ಹೊನ್ನೆಮರ ನಿಂತಿರುವುದು ಪುಣ್ಯ, ಹತ್ತಿರದಲ್ಲಿದ್ದಿದ್ದರೆ ನಮ್ಮ ಬ್ಯಾರನ್ ಅದನ್ನೂ ತಿಂದಿರುತ್ತಿತ್ತು.

ನಾನು ಸಖಿಯಾದೆ, ಊರಿನವರಿಗೆ ಗೊಬ್ಬರ ಔಷಧಿ ಇಲ್ಲದೆ ಬೆಳೆದು ತೋರಿಸಬೇಕು, ಹೊಲ ಕೊಡಿ ಎಂದೆ. ಅವರು ಒಪ್ಪಿದ ರೀತಿ ಹೀಗಿದೆ: "ಒಂದೆಕ್ರೆ, ಒಂದ್ ವರ್ಸ. ಬೆಳೆ ಬಂದ್ರೆ ನಿಂದು. ಬರ್ನಿಲ್ಲ ಅಂದ್ರೆ ಮುಂದಿನ ವರ್ಸ ಹೊಗೆಸೊಪ್ಪಿಗೆ ಬುಡ್ಬೇಕು ಕಣೆ. ಆಮ್ಯಾಲೆ ಸಖಿ ಗಿಖಿ ಅಂತ ರಾಗ ಎಳೆಯಂಗಿಲ್ಲ."

ಗೊಬ್ಬರದ ಬದಲು ಹಾಕುವ ಜೀವಾಮೃತವನ್ನು ಡ್ರಮ್ಮಿನಲ್ಲಿ ಕಲೆಸಿದ ದಿನ ಊರಿಗೆ ಊರೇ ಬಂದು ನೋಡಿತು. ಸಗಣಿ, ಗಂಜಲದ ತನಕ ಸುಮ್ಮನಿದ್ದರು. ಬೆಲ್ಲ, ಕಡಲೆಹಿಟ್ಟು ಹಾಕಿದಾಗ ಪಕ್ಕದ ಹೊಲದ ಚೆಲುವಯ್ಯ, "ಸುನಂದಮ್ಮ ಒಲಕ್ಕೆ ಪಾಯ್ಸ ಮಾಡ್ತಾವ್ಳೆ ಕಣ್ಲಾ, ಎಲೆ ಆಕ್ರಿ" ಅಂದ. ನಗಲಿ. ಮೊದಲ ಸಲ ಬ್ಯಾಂಕಿಗೆ ನನ್ನ ಹೆಸರಿನಲ್ಲಿ ಗೌರವಧನ ಬಂದಿದೆ, ಅದರಲ್ಲಿ ಇನ್ನೊಂದು ಡ್ರಮ್ ತಂದೆ. ನಗುವವರಿಗೂ ಮುಂದೆ ಬೇಕಾಗುತ್ತದೆ.

ರಾಗಿಯ ನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ಅಲಸಂದೆ, ಹುಚ್ಚೆಳ್ಳು ಹಾಕಿದೆ. ನಿನ್ನ ತೊಗರಿಗೆ ದಾರಿಯ ಪಕ್ಕದ ಒಳ್ಳೆಯ ಸಾಲು. ನೀನು ಕೇಳುವುದಿಲ್ಲವಂತೆ, ನಾನಾಗಿಯೇ ಹೇಳುತ್ತೇನೆ ಬಿಡು. ಒಂದು ಕಾಳೂ ಹುಸಿಯಾಗದೆ ಹುಟ್ಟಿದೆ. ನಿನ್ನ ಅವ್ವನನ್ನು ನಾನು ನೋಡಲಿಲ್ಲ. ಈ ಗಿಡ ನೋಡಿದರೆ ಎಂಥ ಹೆಂಗಸು ಎಂದು ತಿಳಿಯುತ್ತದೆ. ಇಂಥದ್ದನ್ನು ಕಾಡಂಚಿನಲ್ಲಿ ಕೂತು ಯಾರ ಸಹಾಯವೂ ಇಲ್ಲದೆ ಕಾಪಾಡಿದ ನಿಮಗೆಲ್ಲ ಕೈಮುಗಿಯಬೇಕು.

ನಿನ್ನ ಸುನಂದಕ್ಕ


ಹೊನ್ನೆಮರದ ಹಾಡಿ
17 ಆಗಸ್ಟ್ 2025

ಸುನಂದಕ್ಕನಿಗೆ,

ನಿಮ್ಮ ಕಾಗದವನ್ನು ನಾನು ಮೂರು ಮನೆಯಲ್ಲಿ ಓದಿದೆ. ಹೊಲಕ್ಕೆ ಪಾಯಸ ಎಂಬ ಮಾತು ನಮ್ಮ ಹಾಡಿಯಲ್ಲಿ ನಿಂತುಬಿಟ್ಟಿದೆ. ಈಗ ಮಕ್ಕಳೂ ಜೀವಾಮೃತಕ್ಕೆ ಪಾಯಸ ಅಂತಲೇ ಹೇಳುತ್ತವೆ.

ಇಲ್ಲಿ ಮಳೆ ಚೆನ್ನಾಗಿದೆ. ಹಾಡಿಯಲ್ಲಿ ಆರು ಮನೆಯವರು ಶುಂಠಿಗೆ ಹೊಲ ಕೊಡದೆ ಈ ಸಲ ರಾಗಿ ಬಿತ್ತಿದ್ದಾರೆ. ಅವರನ್ನು ಒಪ್ಪಿಸಲು ನಾನು ಹೆಚ್ಚೇನೂ ಹೇಳಲಿಲ್ಲ. ಶುಂಠಿ ಕಿತ್ತ ಹೊಲದ ಮಣ್ಣನ್ನೂ ನನ್ನ ಹೊಲದ ಮಣ್ಣನ್ನೂ ಎರಡು ಕೈಯಲ್ಲಿ ಹಿಡಿದು ಮೂಸಲು ಕೊಟ್ಟೆ. ನೀವು ಹುಣಸೂರಿನಲ್ಲಿ ಎಲ್ಲರೆದುರು ಎದ್ದು ನಿಂತು ಅಧಿಕಾರಿಗಳನ್ನೇ ಪ್ರಶ್ನೆ ಕೇಳಿದ್ದಿರಲ್ಲ, ಆ ಧೈರ್ಯ ನನಗಿಲ್ಲ. ಮೂಸಲು ಕೊಡುವುದಕ್ಕೆ ಧೈರ್ಯ ಬೇಡ.

ನನ್ನ ತೊಗರಿ ಮಂಡಿ ಎತ್ತರ ಬಂದಿದೆ. ಜಿಂಕೆಗಳು ಒಂದು ಸುತ್ತು ಮೇದು ಹೋದವು. ಇರಲಿ.

ತರಬೇತಿಯಲ್ಲಿ ಹೇಳುತ್ತಿದ್ದಿರಲ್ಲ, ನಿಮ್ಮ ಗಬ್ಬದ ಹಸು ಈಯಿತೇ? ಹೆಣ್ಣುಗರುವಾದರೆ ಹೆಸರಿಡುವ ಮುಂಚೆ ನನ್ನನ್ನು ಕೇಳಿ.

ನಿಂಗಿ


ಹಲಸಿನಕೊಪ್ಪಲು
11 ಸೆಪ್ಟೆಂಬರ್ 2025
(ಅಂಚೆಗೆ ಹಾಕದ ಕಾಗದ)

ನಿಂಗಿ,

ನಿನಗೆ ಹೇಗೆ ಹೇಳಲಿ ತಿಳಿಯದು. ಇವತ್ತು ನಾನು ಸಂಘದ ಸಭೆಗೆ ಹೋಗಿದ್ದೆ. ನಮ್ಮನೆಯವರಿಗೆ ಹೊಗೆಸೊಪ್ಪಿನ ಕೊಯ್ಲು ಮುಗಿಯುತ್ತ ಬಂದಿತ್ತು, ಕೈಗೆ ಕೆಲಸವಿರಲಿಲ್ಲ. ಚೆಲುವಯ್ಯನ ಜೊತೆ ಹರಾಜಿನ ಮಾತಾಡುತ್ತ ನಮ್ಮ ಹೊಲದ ಸಾಲು ಹಿಡಿದು ನಡೆದಿದ್ದಾರೆ. ಮಾತಿನ ಗುಂಗಿನಲ್ಲಿ ಕೈ ಸುಮ್ಮನಿರಬೇಕಲ್ಲ. ಹೊಗೆಸೊಪ್ಪಿನಲ್ಲಿ ಎಲೆ ಅಗಲವಾಗಲಿ ಎಂದು ಹೂವಿನ ಕುಡಿ ಮುರಿಯುತ್ತಾರೆ, ಆ ಅಭ್ಯಾಸ. ಸಾಲಿನ ಈ ತುದಿಯಿಂದ ಆ ತುದಿಯ ತನಕ ನಿನ್ನ ಅವ್ವನ ತೊಗರಿಯ ಒಂದೊಂದು ಗಿಡದ ನೆತ್ತಿಯನ್ನೂ ಚಿವುಟಿ ಎಸೆದಿದ್ದಾರೆ. ಒಂದು ಗಿಡವನ್ನೂ ಬಿಟ್ಟಿಲ್ಲ.

ನಾನು ಬಂದು ನೋಡಿದಾಗ ಚಿವುಟಿದ ಕುಡಿಗಳು ದಾರಿಯುದ್ದ ಬಾಡಿ ಬಿದ್ದಿದ್ದವು. ಕೂಗಿಕೊಂಡೆ. ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡು, "ಕೈ ತಾನಾಗೇ ಓಯ್ತು ಕಣೆ. ನಂಗೆ ಗೊತ್ತೇ ಆಗ್ನಿಲ್ಲ" ಎಂದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳಿದ್ದಾರೆಯೇ. ರಾತ್ರಿ ಅವರೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ.

ನೀನು ಕೇಳುವುದಿಲ್ಲ. ನೀನು ಕೇಳಿದ್ದರೆ ಬೈಸಿಕೊಂಡಾದರೂ ಹಗುರಾಗುತ್ತಿದ್ದೆ. ಕೇಳದವಳಿಗೆ ಇದನ್ನು ಹೇಳುವ ಬಾಯಿ ನನಗಿಲ್ಲ.


ಹಲಸಿನಕೊಪ್ಪಲು
15 ಸೆಪ್ಟೆಂಬರ್ 2025

ಪ್ರೀತಿಯ ನಿಂಗಿ,

ಹಸು ಈಯಿತು. ಹೆಣ್ಣುಗರು, ಹಣೆಯಲ್ಲಿ ಬಿಳಿ ಬೊಟ್ಟು. ಹೆಸರು ನೀನೇ ಹೇಳು. ರಾಗಿ ತೆಂಡೆ ಒಡೆದು ಹೊಲ ತುಂಬಿದೆ, ಒಣಹುಲ್ಲಿನ ಮುಚ್ಚಿಗೆ ಹಾಕಿದ್ದರಿಂದ ಬಿಸಿಲಿಗೂ ಮಣ್ಣು ತೇವವಾಗಿದೆ. ಎರೆಹುಳು ನೋಡಿ ಎಷ್ಟೋ ವರ್ಷವಾಗಿತ್ತು, ಈಗ ಕೈ ಹಾಕಿದಲ್ಲೆಲ್ಲ ಸಿಗುತ್ತವೆ. ಚೆಲುವಯ್ಯ ಕದ್ದು ಬಂದು ನೋಡಿ ಹೋಗುತ್ತಾನೆ. ಅವರೆ ಚೆನ್ನಾಗಿದೆ, ಅಲಸಂದೆ ಚೆನ್ನಾಗಿದೆ, ಹುಚ್ಚೆಳ್ಳು ಹೂವಿಗೆ ಬಂದು ಜೇನು ಮುತ್ತುತ್ತಿವೆ. ತೊಗರಿ ಅದರ ಪಾಡಿಗೆ ಇದೆ.

ಜಿಂಕೆ ಮೇದ ನಿನ್ನ ತೊಗರಿ ಚೇತರಿಸಿಕೊಂಡಿತೇ? ಆ ಹಾಳು ಜಿಂಕೆಗಳಿಗೆ ಬೇರೆ ಮೇವು ಸಿಗಲಿಲ್ಲವೇ. ನಿನ್ನದನ್ನು ಜೋಪಾನವಾಗಿ ಕಾಯಿ.

ಸುನಂದಕ್ಕ


ಹೊನ್ನೆಮರದ ಹಾಡಿ
16 ನವೆಂಬರ್ 2025

ಸುನಂದಕ್ಕನಿಗೆ,

ಕಾಗದ ಬರೆಯುವುದು ತಡವಾಯಿತು. ಕರುವಿಗೆ 'ಚುಕ್ಕಿ' ಎಂದು ಹೆಸರಿಡಿ. ನಿಮ್ಮ ಎರೆಹುಳುವಿನ ಸುದ್ದಿ ಓದಿ ಬಹಳ ಸಂತೋಷವಾಯಿತು. ಹೊಗೆಸೊಪ್ಪಿನ ಮಣ್ಣಿನಲ್ಲಿ ಒಂದೇ ಮಳೆಗಾಲಕ್ಕೆ ಎರೆಹುಳು ತರಿಸುವುದು ಸುಲಭದ ಕೆಲಸವಲ್ಲ.

ಹೋದ ವಾರ ಆನೆಗಳು ಬಂದಿದ್ದವು. ಮರಿಗಳಿದ್ದ ಹಿಂಡು. ಗುಂಡ ಕಾವಲಿಗೆ ದೂರ ಹೋಗಿದ್ದ. ರಾಗಿ ಸ್ವಲ್ಪ ಹೋಯಿತು. ಪರಿಹಾರಕ್ಕೆ ಅರ್ಜಿ ಕೊಟ್ಟಿದ್ದೇವೆ, ಬಂದು ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಆನೆಗಳನ್ನು ಬೈಯಲು ಮನಸ್ಸಾಗುವುದಿಲ್ಲ, ಅವೂ ಹಾಡಿಯವೇ.

ಈ ಸಲ ಕಾಫಿ ಕೊಯ್ಯಲು ಹೆಂಗಸರ ಜೊತೆ ನಾನೂ ಕೊಡಗಿಗೆ ಹೋಗುತ್ತಿದ್ದೇನೆ. ಕಾಗದ ಹಾಡಿಗೇ ಬರೆಯಿರಿ, ಗುಂಡ ತಲುಪಿಸುತ್ತಾನೆ.

ನಿಮ್ಮ ಹಿಂದಿನ ಕಾಗದವನ್ನು ಎರಡು ಮೂರು ಸಲ ಓದಿದೆ. ಅವರೆಗೂ ಅಲಸಂದೆಗೂ ಹೊಗಳಿಕೆ ಇತ್ತು.

ನಿಂಗಿ


ಹಲಸಿನಕೊಪ್ಪಲು
2 ಡಿಸೆಂಬರ್ 2025

ಪ್ರೀತಿಯ ನಿಂಗಿ,

ಕೊಡಗಿಗೆ ಹೋಗುವುದು ಸರಿ, ತೊಗರಿ ಹೂಬಿಡುವ ಕಾಲಕ್ಕೆ ಹೊಲ ಬಿಟ್ಟು ಹೋಗುತ್ತಾರೆಯೇ? ಕಾಯಲು ಯಾರನ್ನಾದರೂ ಇಟ್ಟಿದ್ದೀಯಾ? ಅಡುಗೆ ಮಾಡುವಾಗ, ಹಾಲು ಕರೆಯುವಾಗ ನಾನು ಒಂದೇ ಸಮಾಧಾನ ಹೇಳಿಕೊಳ್ಳುತ್ತೇನೆ: ನಿಂಗಿಯ ಹತ್ತಿರ ಇದೆಯಲ್ಲ, ಅವಳದು ಚೆನ್ನಾಗಿರುತ್ತದೆ. ಫೆಬ್ರವರಿಗೆ ಬೀಜ ಬ್ಯಾಂಕಿಗೆ ನೀನು ತರುವ ತೊಗರಿಯ ಪಕ್ಕದಲ್ಲಿ ನಾನು ಸೆರಗು ಸರಿಮಾಡಿಕೊಂಡು ನಿಂತರೆ ಸಾಕು.

ರಾಗಿ ಕಟಾವಾಯಿತು. ಚೆಲುವಯ್ಯನ ರಾಗಿಗಿಂತ ಒಂದು ಬೊಗಸೆ ಕಡಿಮೆ ಬಂದಿರಬಹುದು, ಗೊಬ್ಬರದ ಖರ್ಚಿಲ್ಲ, ತೆನೆ ಗಟ್ಟಿ. ಮುದ್ದೆ ತಿಂದ ನಮ್ಮನೆಯವರು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಅವರ ಹೊಗಳಿಕೆ ಅಷ್ಟೇ.

ಸುನಂದಕ್ಕ


ಕೊಡಗಿನ ಕಾಫಿ ತೋಟದಿಂದ
13 ಡಿಸೆಂಬರ್ 2025

ಸುನಂದಕ್ಕ,

ಇಲ್ಲಿ ಸಿಗ್ನಲ್ ಇದೆ. ಫೋನ್ ಮಾಡಬಹುದಿತ್ತು, ಬಾಯಲ್ಲಿ ಕೇಳಲು ಧೈರ್ಯವಾಗಲಿಲ್ಲ. ಬರೆದು ಫೋನನ್ನೂ ಆಫ್ ಮಾಡಿ ಇಡುತ್ತೇನೆ.

ನಾನು ಕಾಯಲು ಯಾರನ್ನೂ ಇಟ್ಟಿಲ್ಲ, ಕಾಯುವುದಕ್ಕೆ ಏನೂ ಇಲ್ಲ. ಆನೆ ಬಂದ ದಿನ ತೊಗರಿಯೂ ಹೋಯಿತು. ಬೇರು ಸಮೇತ ಹೋಯಿತು. ನಿಮಗೆ ಹೇಳಿದರೆ ನಿಮ್ಮ ಮೇಲೆ ಭಾರ ಹಾಕಿದಂತೆ ಆಗುತ್ತದೆ ಎಂದು ಹೇಳಲಿಲ್ಲ. ರಾಗಿಗೆ ಪರಿಹಾರ ಬರುತ್ತದೆ. ಪರಿಹಾರದಲ್ಲಿ ಅವ್ವನ ತೊಗರಿ ಬರುವುದಿಲ್ಲ.

ಕೇಳಬಾರದು. ಅವ್ವ ಕೇಳುತ್ತಿರಲಿಲ್ಲ. ನಾನು ಕೇಳುತ್ತಿದ್ದೇನೆ, ನನ್ನನ್ನು ಕ್ಷಮಿಸಿ.

ನಿಮ್ಮ ಹೊಲದಲ್ಲಿ ಅದು ಇದೆಯಾ?

ನಿಂಗಿ


ಹಲಸಿನಕೊಪ್ಪಲು
19 ಡಿಸೆಂಬರ್ 2025

ನಿಂಗಿ, ನನ್ನ ತಾಯಿ,

ಇದೆ. ಇದನ್ನು ಮೊದಲು ಓದಿಕೋ, ಉಳಿದದ್ದನ್ನು ಆಮೇಲೆ ಓದು. ಇದೆ.

ನಿನ್ನ ಕಾಗದ ಬಂದ ಕ್ಷಣ ಫೋನ್ ಮಾಡಿದೆ, ಆಫ್ ಇತ್ತು. ಇದನ್ನು ಅಂಚೆಗೂ ಹಾಕುವುದಿಲ್ಲ. ಅರುಣ ಸಾರ್ ನಾಳೆ ಕೋಟೆಗೆ ಹೋಗುತ್ತಾರೆ, ಗುಂಡನ ಕೈಗೇ ಕೊಡುತ್ತಾರೆ. ಸೆಪ್ಟೆಂಬರಿನಲ್ಲಿ ಬರೆದು ಅಕ್ಕಿಡಬ್ಬಿಯ ಕೆಳಗೆ ಬಚ್ಚಿಟ್ಟಿದ್ದ ಕಾಗದವೂ ಜೊತೆಗಿದೆ. ಅದನ್ನು ಓದಿ ಬೈಯಬೇಕೆನಿಸಿದರೆ ಬೈದುಕೋ, ಬೈದ ಮೇಲೆ ಮುಂದಕ್ಕೆ ಓದು.

ನೆತ್ತಿ ಚಿವುಟಿದ ಗಿಡ ಸಾಯುತ್ತದೆ ಎಂದೇ ನಾನು ತಿಳಿದೆ. ಸಾಯಲಿಲ್ಲ, ಎತ್ತರಕ್ಕೂ ಹೋಗಲಿಲ್ಲ. ಎಲೆಯ ಕಂಕುಳಿನಿಂದೆಲ್ಲ ಕವಲು ಹೊರಟವು. ನಮ್ಮನೆಯವರಿಗೆ ಅದು ಕಂಡಿದ್ದೇ ತಡ, ಮತ್ತೆ ಹೊಲಕ್ಕಿಳಿದರು. ಹೊಗೆಸೊಪ್ಪಿನಲ್ಲಿ ಕುಡಿ ಮುರಿದ ಮೇಲೆ ಕಂಕುಳಿನ ಚಿಗುರನ್ನೂ ಕೀಳದಿದ್ದರೆ ಎಲೆ ಹಾಳು. ಮೊದಲ ಗಿಡಕ್ಕೆ ಕೈ ಹಾಕಿದವರನ್ನು ನಾನು ನೋಡಿದೆ. ಕುಡುಗೋಲು ಹಿಡಿದೇ ಓಡಿದೆ. ಗಂಡನೆದುರು ಕುಡುಗೋಲು ಹಿಡಿದು ನಿಂತ ಸುನಂದಮ್ಮ ಎಂದು ಈಗ ಊರಲ್ಲಿ ಹೆಸರಾಗಿದೆ.

ಅಲ್ಲಿಂದ ಮೂರು ತಿಂಗಳು ಆ ಗಿಡಗಳನ್ನು ನಾನು ಯಾರಿಗೂ ತೋರಿಸಲಿಲ್ಲ. ಅಕ್ಕಪಕ್ಕದ ಹೊಲದಲ್ಲಿ ತೊಗರಿ ಹಳದಿ ಹೂವಾಗಿ ನಿಂತಾಗ ನಮ್ಮದು ಪೊದೆಯ ಹಾಗೆ ಹಸಿರಾಗಿ ಸುಮ್ಮನೆ ನಿಂತಿತ್ತು. ಹೂವಿಲ್ಲ. ಅರುಣ ಸಾರ್ ಬಂದಾಗಲೆಲ್ಲ ಅವರನ್ನು ಹೊಲದ ಇನ್ನೊಂದು ಮೂಲೆಯಿಂದಲೇ ಕಾಫಿ ಕುಡಿಸಿ ಕಳಿಸಿದೆ. ನಿನ್ನ ಕಾಗದ ಬಂದ ದಿನ ಅವರು ಬಂದಿದ್ದರು. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಅಳುತ್ತಲೇ ಕರೆದುಕೊಂಡು ಹೋದೆ.

ಹೋದರೆ ಹೂವು. ನಾನು ಮೂರು ದಿನ ಆ ಕಡೆ ತಲೆ ಹಾಕಿರಲಿಲ್ಲ, ಅಷ್ಟರಲ್ಲಿ ಅರಳಿದೆ. ಒಂದೊಂದು ಗಿಡಕ್ಕೂ ಎಷ್ಟೊಂದು ಕವಲು, ಕವಲುಕವಲಿಗೂ ಗೊಂಚಲು. ಅರುಣ ಸಾರ್ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, "ಕುಡಿ ಚಿವುಟಿದ್ದು ಯಾರು? ಸರಿಯಾದ ಹೊತ್ತಿಗೆ ಚಿವುಟಿದ್ದಾರೆ ಕಣಮ್ಮ. ತೊಗರಿಗೆ ಇದನ್ನ ಮಾಡಿ ಅಂತ ನಾವೇ ಹೇಳ್ತೀವಿ, ಯಾರೂ ಮಾಡಲ್ಲ" ಎಂದರು. ನಾನು ಬಾಯಿಬಿಟ್ಟು ಕೇಳಿದ್ದರೆ ಮೂರು ತಿಂಗಳು ಅನ್ನ ಸೇರುತ್ತಿತ್ತು. ನಿನ್ನ ಕಟ್ಟಳೆ ಒಂದು ಕಡೆ, ನನ್ನ ಮಾನ ಒಂದು ಕಡೆ, ಇಬ್ಬರೂ ಸೇರಿ ಒಣಗಿಹೋದೆವು.

ನಮ್ಮನೆಯವರು ಆ ಮಾತು ಕೇಳಿ ಮೀಸೆ ತಿರುವಲಿಲ್ಲ. ಸಾಲಿಗೆ ಬಂದು ಒಂದು ಕವಲನ್ನು ಬೆರಳಲ್ಲಿ ಎತ್ತಿ ನೋಡಿದರು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ನಲ್ವತ್ತು ವರ್ಸ ಕಂಕುಳ್ ಚಿಗ್ರು ಕಿತ್ತು ಕಿತ್ತು ಬಿಸಾಕ್ದೋನು ಕಣೆ ನಾನು. ಇಲ್ಲಿ ಅದೇ ಬೆಳೆ" ಎಂದರು. ಅವರ ದನಿ ಹಾಗೆ ಇಳಿದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಒಂದು ಹೂವಿನ ಗೊಂಚಲನ್ನು ಕಾಗದದ ಜೊತೆ ಇಡೋಣ, ನೀನು ಕಣ್ಣಾರೆ ನೋಡು ಎಂದು ಕೀಳಲು ಹೋದೆ. ಅವರು ಬಿಡಲಿಲ್ಲ. "ಒಂದ್ ಹೂವ್ನೂ ಮುಟ್ಬ್ಯಾಡ" ಎಂದರು. ಇವತ್ತಿನಿಂದ ಮಧ್ಯಾಹ್ನದ ಊಟದ ಬುತ್ತಿಯೂ ಹೊಲಕ್ಕೇ ಹೋಗುತ್ತಿದೆ, ಗಿಳಿ ಓಡಿಸುತ್ತಾರಂತೆ.

ನೀನು ಕೇಳಿದ್ದು ತಪ್ಪಲ್ಲ ನಿಂಗಿ. ಕೇಳಲು ನಿನಗೆ ಎಷ್ಟು ಕಷ್ಟವಾಗಿರಬೇಕು ಎಂದು ಯೋಚಿಸಿ ನನಗೆ ಇನ್ನೂ ಅಳು ಬರುತ್ತಿದೆ. ಎಲ್ಲ ಕಳೆದುಕೊಂಡು ಕೂತವಳು ನನ್ನ ಎರೆಹುಳುವಿಗೆ ಸಂತೋಷಪಟ್ಟು ಬರೆದೆಯಲ್ಲ. ನಿನ್ನಂಥವಳನ್ನು ನಾನು ನೋಡಿಲ್ಲ.

ಸುನಂದಕ್ಕ


ಕೊಡಗಿನ ಕಾಫಿ ತೋಟದಿಂದ
28 ಡಿಸೆಂಬರ್ 2025

ಸುನಂದಕ್ಕನಿಗೆ,

ಗುಂಡ ಕಾಗದವನ್ನು ತೋಟಕ್ಕೇ ತಂದುಕೊಟ್ಟ. ಕಾಫಿ ಗಿಡದ ಕೆಳಗೆ ಕೂತು 'ಇದೆ' ಎನ್ನುವಲ್ಲಿಗೆ ನಿಲ್ಲಿಸಿ ಆ ಸಾಲನ್ನೇ ಮತ್ತೆ ಓದಿದೆ. ಆಮೇಲೆ ಎಲ್ಲ ಓದಿದೆ. ಕುಡುಗೋಲಿನ ಹತ್ತಿರ ಬಂದಾಗ ನಕ್ಕೆ, ಅಳುವಿನ ನಡುವೆ ನಕ್ಕೆ. ನಮ್ಮ ಹೆಂಗಸರು ನನಗೇನೋ ಆಗಿದೆ ಎಂದು ನೀರು ತಂದರು.

ಅಕ್ಕ, ನಿಮಗೆ ಒಂದು ಮಾತು ಹೇಳಬೇಕು. ಆಗಸ್ಟಿನಲ್ಲಿ ಜಿಂಕೆಗಳು ಮೇದವು, ಇರಲಿ ಎಂದು ಬರೆದಿದ್ದೆನಲ್ಲ. ನೀವು ಅವನ್ನು ಬೈದು ಬರೆದಿರಿ. ಅವ್ವ ತೊಗರಿ ಹೊಲಕ್ಕೆ ಬಂದ ಜಿಂಕೆಯನ್ನು ಮೊದಲ ಸಲ ಓಡಿಸುತ್ತಿರಲಿಲ್ಲ. ನೆತ್ತಿ ತಿಂದು ಹೋಗಲಿ, ಗಿಡ ಹರಡಿಕೊಳ್ಳುತ್ತದೆ ಎನ್ನುತ್ತಿದ್ದಳು. ಎರಡನೇ ಸಲ ಬಂದರೆ ಕೋಲು ಹಿಡಿದು ನಿಲ್ಲುತ್ತಿದ್ದಳು. ನಿಮ್ಮ ಮನೆಯವರು ಜಿಂಕೆಯ ಕೆಲಸ ಮಾಡಿದ್ದಾರೆ. ನೀವು ಅವ್ವನ ಕೆಲಸ ಮಾಡಿದ್ದೀರಿ. ಅವ್ವನ ಕೈಯಲ್ಲಿ ಕೋಲಿತ್ತು, ನಿಮ್ಮ ಕೈಯಲ್ಲಿ ಕುಡುಗೋಲು, ಅಷ್ಟೇ ವ್ಯತ್ಯಾಸ.

ಇದನ್ನು ನಾನು ನಿಮಗೆ ಬೀಜದ ಜೊತೆಯೇ ಹೇಳಬೇಕಿತ್ತು. ಪಿರಿಯಾಪಟ್ಟಣದಲ್ಲಿ ಜಿಂಕೆ ಎಲ್ಲಿ ಬರುತ್ತದೆ ಎಂದು ಹೇಳಲಿಲ್ಲ. ನಿಮ್ಮ ಮನೆಯಲ್ಲೇ ಒಂದಿದೆ ಎಂದು ಗೊತ್ತಿರಲಿಲ್ಲ.

ಅವರಿಗೆ ನನ್ನ ನಮಸ್ಕಾರ ಹೇಳಿ. ಕೈಗೆ ರೂಢಿಯಾದದ್ದನ್ನು ಆ ವಯಸ್ಸಿನಲ್ಲಿ ನಿಲ್ಲಿಸಿ ಗಿಡ ಕಾಯುತ್ತಾ ಕೂರುವುದು ದೊಡ್ಡ ಗುಣ. ಕಾಫಿ ಕೊಯ್ಲು ಮುಗಿಸಿ ಒಕ್ಕಣೆಗೆ ನಾನೇ ಬರುತ್ತೇನೆ.

ನಿಂಗಿ


ಹಲಸಿನಕೊಪ್ಪಲು
21 ಜುಲೈ 2026

ಪ್ರೀತಿಯ ನಿಂಗಿ,

ಹಂಪಾಪುರದಲ್ಲಿ ಬೀಜ ಬ್ಯಾಂಕಿನ ಬಾಗಿಲು ತೆರೆದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಾಜಿನ ಜಾಡಿಯ ಮೇಲೆ 'ಅವ್ವನ ತೊಗರಿ, ಹೊನ್ನೆಮರದ ಹಾಡಿ' ಎಂಬ ಚೀಟಿ ಅಂಟಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಮಾತ್ರ ಜಾಡಿಗೆ ಧೂಳಿಲ್ಲದಿದ್ದರೂ ಸೆರಗಿನಲ್ಲಿ ಒರೆಸುತ್ತಲೇ ನಿಂತಿದ್ದೆ. ಭಾಷಣ ಮಾಡಿ ಎಂದರೆ ಒಂದು ಹಿಡಿ ಮಣ್ಣು ತೆಗೆದು ಮೂಸಲು ಕೊಟ್ಟೆ. ಅಷ್ಟು ಜನ ದೊಡ್ಡವರು ಸಾಲಾಗಿ ನಿಂತು ಮೂಸಿದರು. ಹೊಲಕ್ಕೆ, ಬೀಜಕ್ಕೆ, ನಮ್ಮಂಥ ಹೆಂಗಸರಿಗೆ ಸರ್ಕಾರ ಇಷ್ಟು ಮಾಡಿದ್ದಕ್ಕೆ ಅವತ್ತು ನನಗೆ ನಿಜವಾಗಿ ಹೆಮ್ಮೆಯಾಯಿತು. ಮಾಡಿಸಿಕೊಳ್ಳುವ ಯೋಗ್ಯತೆ ಇದ್ದವಳು ನೀನು ಎಂಬುದಕ್ಕೆ ಅದಕ್ಕಿಂತ ಹೆಮ್ಮೆ.

ಇಲ್ಲಿಯ ಸುದ್ದಿ: ನಮ್ಮನೆಯವರು ಈ ವರ್ಷ ಕೇಳದೆಯೇ ಇನ್ನೊಂದು ಎಕರೆ ಬಿಟ್ಟುಕೊಟ್ಟರು. ಒಂದು ಬ್ಯಾರನ್ನಿಗೆ ಬೆಂಕಿ ಹಾಕಿಲ್ಲ, ಅದರೊಳಗೆ ಜೀವಾಮೃತದ ಡ್ರಮ್ಮುಗಳಿವೆ. ಚೆಲುವಯ್ಯ ಬಿಂದಿಗೆ ಹಿಡಿದು ಪಾಯಸ ಕೇಳಲು ಬರುತ್ತಾನೆ. ತೊಗರಿಗೆ ಮೂರನೇ ಮನೆಯೂ ಆಯಿತು. ಕೆ.ಆರ್. ನಗರದ ಕಡೆ ಭೇರ್ಯದಲ್ಲಿರುವ ನಮ್ಮ ದೊಡ್ಡಕ್ಕ ರುಕ್ಮಿಣಮ್ಮನಿಗೆ ಒಂದು ಹಿಡಿ ಕೊಟ್ಟೆ, ನಾಲೆಯ ನೀರು ಕಾಣದ ಮೇಲಿನ ಹೊಲದಲ್ಲಿ ಬಿತ್ತಿದ್ದಾಳೆ. ಕಟ್ಟಳೆಯನ್ನೂ ಹೇಳಿದ್ದೇನೆ. ಚುಕ್ಕಿ ಹಗ್ಗ ಕಿತ್ತುಕೊಂಡು ಓಡುವಷ್ಟು ಬೆಳೆದಿದೆ.

ಅಲ್ಲಿ ಮಳೆ ಹೇಗಿದೆ? ಆನೆಗಳು ಆ ಕಡೆ ಬಂದವೇ? ಗುಂಡನಿಗೆ ಕಾವಲು ಹತ್ತಿರ ಹಾಕಿದ್ದಾರೆಯೇ? ಬಂಡೆಯ ಮೇಲಿನ ಕರಡಿಯ ಸಂಸಾರ ಜಾಗ ಖಾಲಿ ಮಾಡಿತೇ? ಹಾಡಿಯ ಇನ್ನೆಷ್ಟು ಮನೆ ಶುಂಠಿ ಬಿಟ್ಟವು?

ಇನ್ನೊಂದು ಪ್ರಶ್ನೆ ಬೆಳಗ್ಗೆ ಎದ್ದಾಗಿನಿಂದ ನಾಲಿಗೆಯ ತುದಿಯಲ್ಲಿ ಕೂತಿದೆ. ನೀನು ಒಕ್ಕಣೆಗೆ ಬಂದಾಗ ನಮ್ಮ ಹೊಲದ ತೊಗರಿಯಿಂದ ಎರಡು ಸೇರು ನಿನ್ನ ಮಡಿಲಿಗೆ ಹಾಕಿದೆನಲ್ಲ, ಈ ಸಲ ಕೊಟ್ಟವಳು ನಾನು. ಆದ್ದರಿಂದ ಕೇಳುವುದಿಲ್ಲ. ಕೇಳದೆ ಇರುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ, ನಿಂಗಿ.

ಸುನಂದಕ್ಕ

ಈ ಕಾಗದ ಅಂಟ್ಸೋಕ್ ಮುಂಚೆ ಈಸ್ಕಂಡು ಬರೀತಾ ಇವ್ನಿ. ನಿಂಗಮ್ಮ, ಕೊಟ್ಟೋಳು ಅವ್ಳು, ಅವ್ಳು ಕೇಳಂಗಿಲ್ಲ. ನಾನು ಕೊಟ್ಟೋನಲ್ಲ, ಚಿವುಟ್ದೋನು. ಅದುಕ್ಕೆ ಕೇಳ್ತಾ ಇವ್ನಿ. ನಮ್ಮ ತೊಗರಿ ಎಂಗದೆ? ಜಿಂಕೆ ಬರ್ನಿಲ್ಲ ಅಂದ್ರೆ ಒಂದ್ ಮಾತು ಬರಿ, ಬಸ್ ಅತ್ತಿ ಬತ್ತೀನಿ.

ಸೋಮಶೇಖರ